ಕುಂಟ ದೊರೆಯ ಹೆಜ್ಜೆ

ಲಂಡನ್ನಿನ ದೊಡ್ಡ ಇಗರ್ಜಿಯ ಹಿಂದಿನ ಓಣಿಯಲ್ಲಿ ಓಬದಾಯ ಫೆನ್ ಅಚ್ಚುಕೂಟ ಇಟ್ಟಿದ್ದ. ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸುವವಳು ಮಗಳು ಡಾಮರಿಸ್. ಅವುಗಳ ದೊಡ್ಡಕ್ಷರಗಳಲ್ಲಿ ಒಂದಕ್ಕೆ ಕಾಲಿನ ತುದಿ ಮುರಿದಿತ್ತು. ಚಿಕ್ಕವಳಿದ್ದಾಗ ಅವಳು ಅದಕ್ಕೆ ಕುಂಟ ದೊರೆ ಎಂದು ಹೆಸರಿಟ್ಟು, ರಾಜ್ಯ ಕಳಕೊಂಡು ಅಲೆಯುವ ಅವನ ಕಥೆಗಳನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕರಗಿಸಲು ಹಾಕೆಂದು ಅಪ್ಪ ಎಷ್ಟೋ ಸಲ ಹೇಳಿದ್ದ. ಅವಳಿಗೆ ಮನಸ್ಸು ಬರಲಿಲ್ಲ.

ಅರಸನ ಪರಿಶೋಧಕನಾದ ಪಾದ್ರಿ ಮೊದಲು ಓದಿ ಸಹಿ ಹಾಕದೆ ಒಂದು ಹಾಳೆಯನ್ನೂ ಅಚ್ಚು ಹಾಕುವಂತಿರಲಿಲ್ಲ. ಆ ಕಾಯಿದೆಯ ವಿರುದ್ಧವೇ ಫೆನ್ ಹದಿನಾರು ಪುಟ ಬರೆದ. ಪುಸ್ತಕ ಹೊರಗೆ ಬರಲಿ, ತಪ್ಪಿದ್ದರೆ ಆಮೇಲೆ ನ್ಯಾಯಸ್ಥಾನಕ್ಕೆ ಎಳೆಯಿರಿ. ಹುಟ್ಟುವ ಮೊದಲೇ ಕತ್ತು ಹಿಸುಕುವುದು ಯಾವ ನ್ಯಾಯ? ಓದುವವರೇನು ಹಲ್ಲು ಬಾರದ ಕೂಸುಗಳೇ, ಒಬ್ಬ ಪಾದ್ರಿ ಅಗಿದು ಬಾಯಿಗಿಡಲು? ಹೆಸರು ಹಾಕದೆ, ಸಹಿ ಕೇಳದೆ ಅಪ್ಪ ಮಗಳು ಅದನ್ನು ಅಚ್ಚು ಹಾಕಿದರು. ಮೀನು ಮಾರುವ ಹೆಂಗಸರು ಬುಟ್ಟಿಯ ತಳದಲ್ಲಿಟ್ಟು ಊರೆಲ್ಲ ಹಂಚಿದರು.

ಮೂರನೆಯ ವಾರ ಬೆಳಿಗ್ಗೆ ಮುದ್ರಕರ ಸಂಘದ ಪರವಾಗಿ ಕಳ್ಳ ಅಚ್ಚು ಹುಡುಕುವ ಕ್ರೌಚ್ ಇಬ್ಬರು ಜವಾನರೊಡನೆ ಬಂದ. ಡಾಮರಿಸ್ ಹೆದರಲಿಲ್ಲ. ಉಳಿದ ಹಾಳೆಗಳು ಆಗಲೇ ಒಲೆ ಸೇರಿದ್ದವು. ಕ್ರೌಚ್ ಮೊಳೆಪೆಟ್ಟಿಗೆಗಳತ್ತ ತಿರುಗಿಯೂ ನೋಡದೆ ಜೇಬಿನಿಂದ ಎರಡು ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. ಒಂದು ಆ ಹದಿನಾರು ಪುಟ. ಇನ್ನೊಂದು, ಅದೇ ತಿಂಗಳು ಪರಿಶೋಧಕನ ಸಹಿ ಪಡೆದು ಫೆನ್ ತನ್ನ ಹೆಸರು ಹಾಕಿಯೇ ಅಚ್ಚು ಮಾಡಿದ ಉಪವಾಸದ ಉಪದೇಶ.

"ಏನ್ ಯಜಮಾನ್ರೇ, ನಿಮ್ಮನೆ ಕುಂಟ ಎರಡೂ ಕಡೆ ಓಡಾಡವ್ನಲ್ಲ," ಎಂದು ಎರಡರಲ್ಲೂ ಆ ಮುರಿದ ಕಾಲಿನ ಅಕ್ಷರದ ಮೇಲೆ ಬೆರಳಿಟ್ಟ.

ಡಾಮರಿಸ್ ಜೋಡಿಸಿದ್ದು ತಾನೇ ಎಂದು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅಡ್ಡ ಬಂದ.

"ಅವಳ್ಗೆ ಓದೋಕೆ ಬರಲ್ಲ ಸ್ವಾಮಿ. ಎಲ್ಲ ನಂದೇ ಕೈಕೆಲಸ."

ಅವಳಿಗೆ ಅಕ್ಷರ ಕಲಿಸಿದವನೇ ಅವನು. ಕ್ರೌಚ್ ನಕ್ಕು, ಓದೋಕೆ ಬರದವ್ರೇ ಪುಣ್ಯವಂತ್ರು ಬಿಡಿ ಎಂದ. ಜವಾನರು ಅಚ್ಚುಯಂತ್ರದ ತಿರುಪನ್ನು ಬಿಚ್ಚಿ ಹೆಗಲಿಗೇರಿಸಿ, ಅಪ್ಪನನ್ನು ಹಿಡಿದುಕೊಂಡು ಹೊರಟರು. ಹೊಸಿಲು ದಾಟುವಾಗ ಅಪ್ಪ ಅವಳ ಮುಖ ನೋಡಿದ, ಬಯ್ಯಲಿಲ್ಲ.

ಸೆರೆಮನೆಯ ಜ್ವರ ಅವನನ್ನು ಚಳಿಗಾಲ ದಾಟಲು ಬಿಡಲಿಲ್ಲ. ಯಾಕೆ ಸತ್ತನೆಂದು ನಾಲ್ಕು ಸಾಲು ಅಚ್ಚು ಹಾಕಬೇಕೆಂದು ಅವಳು ಬರೆದುಕೊಂಡು ಬೇರೆ ಅಚ್ಚುಕೂಟಗಳ ಬಾಗಿಲು ತಟ್ಟಿದಳು. ಎಲ್ಲರೂ ಒಂದೇ ಮಾತು ಕೇಳಿದರು:

"ಸಹಿ ಆಗಿದ್ಯಾ ಮಗಳೇ?"