ಒಂದು ತಟ್ಟಿದರೆ ನಿಲ್ಲಬೇಕು

ನನ್ನ ಧ್ವನಿ ಹತ್ತು ಹೆಜ್ಜೆ ದಾಟುವುದಿಲ್ಲ ಎಂಬುದು ನನ್ನ ಹಳೆಯ ಚಿಂತೆ. ಡೈರಿಯಲ್ಲಿ ಇದನ್ನು ಎಷ್ಟು ಸಲ ಬರೆದಿದ್ದೇನೋ. ಈ ಪ್ರವಾಸದಲ್ಲಿ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಅದನ್ನು ಬರೆಯಲೂ ಕೈ ಬರುತ್ತಿಲ್ಲ. ಸೋಮವಾರದ ಪುಟದಲ್ಲಿ ‘ಎಡ’ ಎಂದಷ್ಟೇ ಗೀಚಿ ಪೆನ್ನಿಗೆ ಮುಚ್ಚಳ ಹಾಕಿಬಿಟ್ಟೆ.

ಅಪ್ಪ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು, ಒಂದು ಗೀರೂ ಬೀಳದಂತೆ. ನಿವೃತ್ತರಾದ ಮೇಲೆ ಹಳೆಯದೊಂದು ಮನೆಗಾಡಿ ಕೊಂಡರು. ವ್ಯಾನಿನೊಳಗೇ ಒಲೆ, ಸಿಂಕು, ಮೂವರು ಮಲಗುವಷ್ಟು ಜಾಗ. ದಿನಕ್ಕೊಂದು ಕ್ಯಾಂಪಿನಲ್ಲಿ ತಂಗುತ್ತೇವೆ. ನಮಗೆ ಕೊಟ್ಟ ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಕ್ಕೆ ಹಲಗೆ ಕೊಟ್ಟು ಮಟ್ಟ ಮಾಡಿ, ನೀರು, ಕರೆಂಟು, ಕೊಳಚೆ ಪೈಪು ಜೋಡಿಸಬೇಕು. ಅಪ್ಪನ ಪ್ರಕಾರ ಇದು ಇಪ್ಪತ್ತು ನಿಮಿಷದ ಕೆಲಸ. ನನ್ನ ಕೂಗು ಕೇಳಿಸುವುದಿಲ್ಲವೆಂದು ಡಿಪೋದ ಪದ್ಧತಿಯನ್ನೇ ಕಲಿಸಿದ್ದಾರೆ: ಗಾಡಿಯ ಮೈಗೆ ಎರಡು ತಟ್ಟಿದರೆ ಬರಬಹುದು, ಒಂದು ತಟ್ಟಿದರೆ ನಿಲ್ಲಬೇಕು.

"ಕಂಡಕ್ಟರಮ್ಮ, ಇಳಿ," ಎಂದರು ಅಪ್ಪ ಇವತ್ತೂ.

ಹಿಂದೆ ಎಡಬದಿಗೆ ನಿಂತು ಎರಡೆರಡು ತಟ್ಟಿದೆ. ಜಲ್ಲಿಯ ಮೇಲೆ ಗಾಡಿ ಹಿಮ್ಮುಖವಾಗಿ ನೆಟ್ಟಗೆ ಒಳಗೆ ಬಂತು. ಅಷ್ಟರಲ್ಲಿ ಮುಂದೆ ಕರ್ರೆಂದು ಸದ್ದು. ಎಡಮೂಲೆಯಲ್ಲಿ ಸೊಂಟದೆತ್ತರದ, ಸುಣ್ಣದಷ್ಟು ಬಿಳುಪಾದ ನಂಬರಿನ ಕಂಬ. ಬಾಗಿಲಿನುದ್ದಕ್ಕೂ ಗೀರು.

"ಏನ್ ಮಾಡ್ತಿದ್ದೆ ಪುಟ್ಟಿ? ತಟ್ಟೋದಲ್ವಾ?"

ನಾನಿದ್ದದ್ದು ಹಿಂದೆ. ಕಂಬ ಇದ್ದದ್ದು ಅವರ ಮುಂದೆ.

ಅಮ್ಮ ಇಳಿದು ಬಂದಳು. "ಯಾವ ಲೋಕದಲ್ಲಿರ್ತಾಳೋ ಇವಳು. ಡಿಗ್ರಿ ಮಾಡಿದೀಯ, ಒಂದು ಕಂಬ ಕಾಣಲ್ವೇನೇ?"

"ಕಾಣ್ತು."

"ಕಂಡ್ಮೇಲೆ ಬಾಯ್ಬಿಟ್ಟು ಹೇಳ್ಬೇಕು ತಾನೇ?"

ಹಲಗೆಗಳನ್ನು ನಾನೇ ಇಟ್ಟೆ. ರಸಮಟ್ಟದ ಗುಳ್ಳೆ ನಡುವಿಗೆ ಬರುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ಅಪ್ಪ ಮಂಡಿಯೂರಿ ನೀರಿನ ಪೈಪು ಹಿಡಿದರು. ಪೈಪಿನ ಬಾಯಿ ನಲ್ಲಿಗಿಂತ ಒಂದು ಬೆರಳು ಈಚೆಗೇ ನಿಂತು ಗಾಳಿಯಲ್ಲಿ ತಿರುಗಿತು. ಇನ್ನೊಮ್ಮೆ ಪಕ್ಕಕ್ಕೆ ಹೋಯಿತು.

"ಥ್ರೆಡ್ಡು ಸವೆದಿದೆ," ಎಂದರು.

ನಲ್ಲಿ ಹೊಚ್ಚಹೊಸದು. ಮೊನ್ನೆ ಫ್ಲಾಸ್ಕಿನ ಟೀ ಲೋಟದ ಹೊರಗೆ ಸುರಿದಾಗ ಮೇಜು ಅಲುಗಿತು ಎಂದಿದ್ದರು. ಅಂದಿನಿಂದ ಲೋಟವನ್ನು ನಾನೇ ಫ್ಲಾಸ್ಕಿನ ಬಾಯಿಗೆ ತಾಗಿಸಿ ಹಿಡಿಯುತ್ತಿದ್ದೇನೆ. ಪ್ರತಿ ಕ್ಯಾಂಪಿನಲ್ಲೂ ಎಡಬದಿಗೇ ನಿಂತು, ಅವರಿಗೆ ನೋಡುವ ಪ್ರಮೇಯವೇ ಬಾರದ ಹಾಗೆ ಮೊದಲೇ ತಟ್ಟುತ್ತಿದ್ದೇನೆ. ಇವತ್ತು ಮುಂದಿನ ಕಂಬಕ್ಕೆ ತಟ್ಟುವುದು ತಡವಾಯಿತು. ಅಪ್ಪನ ಆ ಬದಿಯ ಕಣ್ಣು ಹೋಗಿದೆ, ಮುಚ್ಚಿಡುತ್ತಿರುವವಳು ನಾನು. ನಾಳೆ ಮೂವತ್ತು ತಿರುವಿನ ಘಟ್ಟ ಇಳಿಯಬೇಕು. ಅಲ್ಲಿ ಯಾರು ಇಳಿದು ತಟ್ಟುತ್ತಾರೆ? ಹೇಳಿದರೆ ಸ್ಟೇರಿಂಗ್ ಬಿಡಬೇಕಾಗುತ್ತದೆ. ಸ್ಟೇರಿಂಗ್ ಇಲ್ಲದ ಅಪ್ಪನನ್ನು ನಾನು ನೋಡಿಯೇ ಇಲ್ಲ. ಅವರ ಮೇಲೆ, ಪೈಪಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೇ ರೇಗಿಹೋಗುತ್ತಿತ್ತು.

ಪೈಪನ್ನು ಅವರ ಕೈಯಿಂದ ತೆಗೆದುಕೊಂಡು ಸಿಕ್ಕಿಸಿದೆ. ಕೊಳಚೆ ಪೈಪು ಒಂದಡಿ ಕಮ್ಮಿ ಬಿತ್ತು.

ಪಕ್ಕದ ಗಾಡಿಯವರು ಕುರ್ಚಿಯಲ್ಲಿ ಕಾಲು ಚಾಚಿಕೊಂಡು ನಮ್ಮನ್ನೇ ನೋಡುತ್ತಿದ್ದರು. "ಇನ್ನೂ ಆಗ್ಲಿಲ್ವಾ ಯಜಮಾನ್ರೇ? ನಾವು ಒಂದು ನಿದ್ದೆ ಮುಗಿಸಿದ್ವಿ."

ಅಪ್ಪನ ಮುಖ ಕಪ್ಪಿಟ್ಟಿತು. "ಎಲ್ಲಾ ಬಿಚ್ಚು. ಹೊರಗೆ ತಗೊಂಡು ಮತ್ತೆ ಹಾಕ್ತೀನಿ."

ಜೋಡಿಸಿದ್ದನ್ನೆಲ್ಲ ಬಿಚ್ಚಿದೆ. ಹಲಗೆ ಎಳೆದೆ. ಹಿಂದಿನ ಎಡಮೂಲೆಯಲ್ಲಿ ನಿಂತು ಎರಡು ತಟ್ಟಿದೆ. ಗಾಡಿ ಮುಂದಕ್ಕೆ ಹೊರಟು ಎಡಕ್ಕೆ ಹೊರಳಿತು. ಅಲ್ಲಿ ಅಮ್ಮ ನಮಗೆ ಬೆನ್ನು ಹಾಕಿ, ಬಿಚ್ಚಿಕೊಳ್ಳದ ಮಡಚು ಕುರ್ಚಿಯೊಡನೆ ಗುದ್ದಾಡುತ್ತಿದ್ದಳು. ಗಾಡಿ ನಿಧಾನಿಸಲಿಲ್ಲ.

ಓಡಿಹೋಗಿ ಅಂಗೈ ಪೂರ್ತಿ ಬಿಚ್ಚಿ ಗಾಡಿಯ ಮೈಗೆ ಒಂದೇ ಏಟು ಹೊಡೆದೆ.

ಗಾಡಿ ನಿಂತಿತು. ಅಮ್ಮನ ಬೆನ್ನಿಗೂ ಬಂಪರಿಗೂ ಒಂದು ಮೊಳ ಅಂತರ.

"ಈಗ್ಯಾಕೆ ತಟ್ಟಿದೆ? ಖಾಲಿ ಇದೆಯಲ್ಲ," ಎಂದರು ಅಪ್ಪ.

"ಅಮ್ಮ ಇದ್ದಾಳೆ."

"ಎಲ್ಲಿ?"

ಅವರು ಇಡೀ ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿದರು. ಇನ್ನೂ ಸ್ವಲ್ಪ ತಿರುಗಿಸಿದರು. ಆಮೇಲೆ ಕಂಡಳು. ಕುರ್ಚಿ ಹಿಡಿದುಕೊಂಡೇ ಹಿಂತಿರುಗಿದ ಅಮ್ಮ "ರೀ..." ಎಂದಳು.

"ಗಾಡಿ ತೆಗೆಯೋವಾಗ ಅಲ್ಲಿ ಯಾಕೆ ನಿಂತ್ಕೊಂಡೆ?" ಅಪ್ಪ ಅಮ್ಮನ ಮೇಲೆ ರೇಗಿದರು. "ಪುಟ್ಟಿ, ನೀನಾದ್ರೂ ನೋಡ್ಬಾರ್ದಾ?"

ನನ್ನ ಅಂಗೈ ಉರಿಯುತ್ತಿತ್ತು. ಗಾಡಿಯನ್ನು ಸುತ್ತಿಕೊಂಡು ಅವರ ಕಿಟಕಿಯ ಹತ್ತಿರ ಹೋದೆ. ನಡುವೆ ಒಂದೇ ಹೆಜ್ಜೆ. ಧ್ವನಿ ದಾಟದಿರಲು ಯಾವ ಕಾರಣವೂ ಇರಲಿಲ್ಲ.

"ಅಪ್ಪ, ನಿಮಗೆ ಎಡಗಣ್ಣು ಕಾಣಿಸ್ತಿಲ್ಲ."