ವಾಸನೆ ತಿರುಗುವ ಹೊತ್ತು

ಶವದ ತಲೆಯಡಿಯ ದಿಂಬನ್ನು ಸರಿಪಡಿಸುವ ನೆಪದಲ್ಲಿ ನಿರ್ದೇಶಕರು ಅದರ ಕೆಳಗೆ ಕೈ ತೂರಿಸಿದರು. ಬೆರಳುಗಳು ಹಾಸಿಗೆಯ ಅಂಚಿನವರೆಗೂ ತಡಕಾಡಿ ಬರಿದಾಗಿ ಹಿಂದಿರುಗಿದವು.

"ಅಲ್ಲಿಲ್ಲ ಸರ್," ಎಂದಳು ಸತ್ತವನ ಹೆಂಡತಿ, ಗೋಡೆಗೆ ಒರಗಿ ಕುಳಿತಲ್ಲಿಂದಲೇ.

ಕೋಣೆಯೊಳಗಿನ ಅಳು ಒಮ್ಮೆ ತಡೆದು ನಿಂತಿತು. ನಿರ್ದೇಶಕರು ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು. "ಏನಮ್ಮಾ ಅಲ್ಲಿಲ್ಲ?"

"ನೀವು ಹುಡುಕ್ತಿರೋ ಪುಸ್ತಕ."

ಬ್ಯಾಟರಿ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ದುಡಿದ ಆ ಮನುಷ್ಯನನ್ನು ವಿಜ್ಞಾನಿಗಳಿಂದ ಕಾವಲುಗಾರರವರೆಗೆ ಎಲ್ಲರೂ ಗಂಜಿಯಣ್ಣ ಎನ್ನುತ್ತಿದ್ದರು. ಬ್ಯಾಟರಿಯ ಲೋಹದ ಹಾಳೆಗೆ ಬಳಿಯುವ ಕಪ್ಪು ಲೇಪವನ್ನು ಕಾಯಿಸಿ, ಕಲಕಿ, ಹದಕ್ಕೆ ತರುವುದು ಅವನ ಕೆಲಸ. ಆ ಲೇಪಕ್ಕೆ ಅಲ್ಲಿ ಗಂಜಿಯೆಂದೇ ಹೆಸರು. ಗಾಳಿ ಬೀಸದ, ಬಿಸಿಲು ಕಾಣದ ವಾರದಲ್ಲೂ ಇಡೀ ಊರಿಗೆ ಬೆಳಕು ಕೊಡಬಲ್ಲ ಬ್ಯಾಟರಿ ಎಂದು ಪತ್ರಿಕೆಗಳು ಕೊಂಡಾಡಿದ್ದು ಅವನ ಪಾತ್ರೆಯಿಂದ ಬಂದದ್ದನ್ನೇ. ಬೇರೆ ಯಾರು ಕಾಯಿಸಿದರೂ ಬ್ಯಾಟರಿ ಹತ್ತು ದಿನ ಬಾಳುತ್ತಿರಲಿಲ್ಲ. ಇನ್ನು ಮೂರು ದಿನಕ್ಕೆ ಪರೀಕ್ಷಕರು ಬರಲಿದ್ದರು. ಅವರ ಕಣ್ಣೆದುರೇ ಗಂಜಿ ಕಾಯಬೇಕಿತ್ತು. ಅದರ ಹದವೆಲ್ಲ ಅವನು ದಿನವೂ ಬರೆದಿಡುತ್ತಿದ್ದ ಪುಸ್ತಕದಲ್ಲಿದೆ ಎಂದೇ ನಿರ್ದೇಶಕರ ನಂಬಿಕೆ.

"ಪುಸ್ತಕ ಕೇಂದ್ರದ್ದು, ತಾಯಿ."

"ಪುಸ್ತಕ ನಿಮ್ದೇ. ಸತ್ತಿರೋನು ನನ್ನೋನು. ವರದೀಲಿ 'ಸ್ವಂತ ನಿರ್ಲಕ್ಷ್ಯದಿಂದ ಸಾವು' ಅಂತ ಬರೆದಿದ್ದೀರಲ್ಲ, ಆ ಮಾತು ಹೊಡೆದುಹಾಕಿ ರುಜು ಮಾಡಿ. ಆಮೇಲೆ ತಗೊಂಡ್ಹೋಗಿ."

"ಅವನು ಆವಿ ತಡೆಯೋ ಮುಖವಾಡ ಹಾಕ್ತಿರಲಿಲ್ಲ. ಅದೇನು ಸುಳ್ಳಾ?"

"ಯಾಕೆ ಹಾಕ್ತಿರಲಿಲ್ಲ ಅನ್ನೋದೂ ಪುಸ್ತಕದಲ್ಲೇ ಇದೆ. ನಿಮ್ಮ ಅಕ್ಷರದಲ್ಲಿ."

ನಿರ್ದೇಶಕರ ಹಿಂದೆ ಹೂಗುಚ್ಛ ಹಿಡಿದು ನಿಂತಿದ್ದ ಕಿರಿಯ ಸಂಶೋಧಕಿ ತಲೆ ತಗ್ಗಿಸಿದಳು.

*

ಒಂಬತ್ತು ವರ್ಷಗಳ ಹಿಂದೆ ಅವನು ಅಲ್ಲಿ ಬರಿಯ ಪಾತ್ರೆ ತೊಳೆಯುವವನು. ಆ ಮಧ್ಯಾಹ್ನ ನಿರ್ದೇಶಕರೂ ಇಬ್ಬರು ವಿಜ್ಞಾನಿಗಳೂ ಗಡಿಯಾರ, ಉಷ್ಣಮಾಪಕ ಹಿಡಿದು ಕುದಿಯುವ ಪಾತ್ರೆಯ ಸುತ್ತ ನೆರೆದಿದ್ದರು. ಅವನ ಮುಖವಾಡದ ಪಟ್ಟಿ ಕಿತ್ತುಹೋಗಿತ್ತು.

"ಸರ್, ಇಳಿಸ್ಬಿಡಿ. ವಾಸನೆ ತಿರುಗ್ತು."

"ಎಂಥ ವಾಸನೆಯಯ್ಯಾ?"

"ಇಷ್ಟೊತ್ತು ಹಸಿ ಬಣ್ಣದ ಥರ ಇತ್ತು. ಈಗ ಒದ್ದೆ ಕಬ್ಬಿಣದ ಥರ."

ಎಲ್ಲರೂ ನಕ್ಕರು. ಆದರೂ ನಿರ್ದೇಶಕರು ಒಂದು ಲೋಟದಷ್ಟನ್ನು ಬೇರೆ ತೆಗೆದಿಟ್ಟರು. ಪಾತ್ರೆಯಲ್ಲಿ ಉಳಿದದ್ದರಿಂದ ಮಾಡಿದ ಬ್ಯಾಟರಿಗಳೆಲ್ಲ ಸತ್ತವು. ಲೋಟದ ಗಂಜಿಯದು ವರ್ಷ ದಾಟಿತು. ನಿರ್ದೇಶಕರು ಅವನ ಕೈಗೊಂದು ಹೊಸ ಪುಸ್ತಕ ಕೊಟ್ಟು, ಮೊದಲ ಪುಟದಲ್ಲಿ ತಾವೇ ಬರೆದರು: "ಮುಖವಾಡ ತೆಗೆದು ವಾಸನೆ ನೋಡತಕ್ಕದ್ದು. ಇದು ಆದೇಶ." ಕೆಳಗೆ ರುಜು.

"ನಿನ್ನ ಮೂಗು ನಮ್ಮ ಯಂತ್ರಗಳಲ್ಲೆಲ್ಲ ದುಬಾರಿ ಯಂತ್ರ ಕಣಯ್ಯಾ."

ಆ ಮಾತನ್ನು ಅವನು ಬಹುಮಾನದಂತೆ ಮನೆಗೆ ತಂದ.

"ಯಂತ್ರ ಕೆಟ್ರೆ ರಿಪೇರಿ ಮಾಡಿಸ್ತಾರಂತಾ?" ಹೆಂಡತಿ ಕೇಳಿದ್ದಳು.

"ಥೂ, ನಿನ್ನ ಬಾಯಲ್ಲಿ ಯಾವತ್ತೂ ಅಪಶಕುನವೇ!"

ಏಳನೆಯ ವರ್ಷಕ್ಕೆ ಕೆಮ್ಮು ಹಿಡಿಯಿತು. ಆಮೇಲೆ ಮೂಗಿಗೆ ಆ ಒಂದು ವಾಸನೆಯ ಹೊರತು ಬೇರೇನೂ ತಿಳಿಯದಾಯಿತು. ಅವಳು ಹೊಸ ಸೋಪಿನಲ್ಲಿ ಮಿಂದು ಪಕ್ಕದಲ್ಲಿ ಕುಳಿತು, "ಹೇಗಿದೆ?" ಎಂದರೆ, ಅವನು ಅವಳ ಮುಖ ನೋಡಿ ಊಹಿಸಿ, "ಚೆನ್ನಾಗಿದೆ" ಎನ್ನುತ್ತಿದ್ದ. ಕೆಲವೊಮ್ಮೆ ಅವಳು ಮಿಂದೇ ಇರುತ್ತಿರಲಿಲ್ಲ.

*

ಪುಸ್ತಕ ಮೈದುನನ ಬಳಿಯಿತ್ತು. ಸತ್ತವನ ತಮ್ಮನಾದ ಅವನು ಅದೇ ಕೇಂದ್ರದ ಗೇಟಿನ ಕಾವಲುಗಾರ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ನನ್ನ ಹತ್ರ ಇದ್ರೆ ಕಿತ್ಕೋತಾರೆ. ನೀನೇ ಇಟ್ಕೋ," ಎಂದು ಬೆಳಿಗ್ಗೆ ಟವೆಲ್ಲಿನಲ್ಲಿ ಸುತ್ತಿ ಕೊಟ್ಟಿದ್ದವಳು ಅತ್ತಿಗೆಯೇ.

ಅಂಗಳದಲ್ಲಿ ಶವ ಒಯ್ಯುವ ವ್ಯಾನು ಬಂದು ನಿಂತಾಗ ನಿರ್ದೇಶಕರು ಮೈದುನನ ಹೆಗಲ ಮೇಲೆ ಕೈಯಿಟ್ಟು ಅವನನ್ನು ವ್ಯಾನಿನ ಹಿಂದಕ್ಕೆ ಕರೆದೊಯ್ದರು.

"ನೋಡ್ರಪ್ಪಾ," ಎಂದ ಎದುರುಮನೆಯ ದರ್ಜಿ, "ಇಷ್ಟು ವರ್ಷ ಗೇಟಲ್ಲಿ ಸಲಾಮು ಹೊಡೆದ್ರೂ ಕಾರಿನ ಗಾಜು ಇಳಿಸದೋರು ಇವತ್ತು ಹೆಗಲ ಮೇಲೇ ಕೈ ಹಾಕಿದ್ದಾರೆ!"

"ಸುಮ್ನಿರ್ರೀ," ಎಂದು ಅವನ ಹೆಂಡತಿ ಗದರಿದಳು. "ಅಣ್ಣ ಸತ್ತ ದುಃಖ ಅವನಿಗೆ. ಸಮಾಧಾನ ಹೇಳ್ತಿದ್ದಾರೆ."

"ಸಮಾಧಾನಕ್ಕೆ ಅಷ್ಟು ಬೇಗ ಹೂಂ ಅಂತ ತಲೆ ಆಡಿಸ್ತಾರೇನೇ?"

ವಿದ್ಯುತ್ ಚಿತಾಗಾರದಲ್ಲಿ ಶವದ ಹಲಗೆಯನ್ನು ಕುಲುಮೆಯ ಬಾಗಿಲಿಗೆ ನೇರವಾಗಿ ನಿಲ್ಲಿಸಿದ್ದರು. ಎಲ್ಲರೂ ಕಡೆಯ ಬಾರಿ ನೋಡಿ ಹಿಂದೆ ಸರಿದಾಗ ನಿರ್ದೇಶಕರು ಮುಂದೆ ಬಂದರು. ಅವರ ಕೈಯಲ್ಲಿ ಕಪ್ಪು ಕಲೆಗಳು ಮೆತ್ತಿದ ಪುಸ್ತಕವಿತ್ತು.

"ಇದು ಇವರ ತಪಸ್ಸು," ಎಂದರು, ಕೊನೆಯ ಸಾಲಿಗೂ ಕೇಳುವ ಹಾಗೆ. "ನಮ್ಮ ಕೇಂದ್ರಕ್ಕೆ ಇದು ಎಷ್ಟೇ ಬೇಕಾಗಿದ್ರೂ ಇಟ್ಕೊಳ್ಳೋ ಯೋಗ್ಯತೆ ನಮಗಿಲ್ಲ. ಇವರ ಜೊತೆಗೇ ಹೋಗಲಿ."

ಪುಸ್ತಕವನ್ನು ಹೆಣದ ಎದೆಯ ಮೇಲಿಟ್ಟು ಕೈಮುಗಿದರು.

"ಎಂಥ ದೊಡ್ಡ ಮನಸ್ಸು!" ಯಾರೋ ಕಣ್ಣೊರೆಸಿಕೊಂಡರು.

ಹೆಂಡತಿ ಮೈದುನನ ಕಡೆ ನೋಡಿದಳು. ಅವನು ಚಾವಣಿ ನೋಡುತ್ತಿದ್ದ.

"ಬೇಡ!" ಅವಳು ಮುನ್ನುಗ್ಗಿದಳು. "ಪುಸ್ತಕ ತೆಗೀರಿ! ಅಯ್ಯೋ, ಮೊದಲ್ನೇ ಪುಟ ನೋಡ್ರೋ ಯಾರಾದ್ರೂ!"

ಇಬ್ಬರು ಹೆಂಗಸರು ತೋಳು ಹಿಡಿದರು. "ಅತ್ತುಬಿಡಮ್ಮಾ, ಅತ್ತುಬಿಡು."

"ಪಾಪ, ಏನು ಮಾತಾಡ್ತಿದ್ದೀನಿ ಅಂತಾನೇ ಗೊತ್ತಾಗ್ತಿಲ್ಲ ಅವಳಿಗೆ."

ಅವಳು ಕೊಸರಿಕೊಂಡಾಗ ನಿರ್ದೇಶಕರೇ ಬಂದು ಭುಜ ಹಿಡಿದು ನಿಲ್ಲಿಸಿ, ಕುಲುಮೆಯವನಿಗೆ ಕಣ್ಣಲ್ಲೇ ಸೂಚಿಸಿದರು. ಹಲಗೆ ಒಳಕ್ಕೆ ಜಾರಿತು. ಕಬ್ಬಿಣದ ಬಾಗಿಲು ಬಿತ್ತು.

"ಅತ್ತಿಗೆ..." ಮೈದುನ ಹತ್ತಿರ ಬಂದ. "ನನಗೂ ಇಬ್ಬರು ಮಕ್ಕಳಿದ್ದಾರೆ."

"ಇರ್ಲಿ ಬಿಡು." ಅವಳು ಜಾರಿದ ಸೆರಗನ್ನು ಎಳೆದು ಹೊದ್ದಳು. "ದೊಡ್ಡಪ್ಪ ಹೇಗೆ ಸತ್ತ ಅಂತ ಕೇಳಿದ್ರೆ ಸ್ವಂತ ನಿರ್ಲಕ್ಷ್ಯ ಅಂತ್ಲೇ ಹೇಳು. ಓದೋ ಮಕ್ಕಳು, ಬರೆದಿದ್ದನ್ನ ನಂಬ್ತಾವೆ."

*

ಕಾರು ಚಿತಾಗಾರದ ಗೇಟು ದಾಟಿದ ಮೇಲೆ ನಿರ್ದೇಶಕರು ಕೋಟಿನ ಒಳಜೇಬಿನಿಂದ ಹಾಳೆಗಳ ಕಟ್ಟೊಂದನ್ನು ತೆಗೆದರು. ಬ್ಲೇಡಿನಲ್ಲಿ ಕೊಯ್ದ ಅಂಚುಗಳು. ಮೊದಲ ಪುಟವೊಂದನ್ನು ಬಿಟ್ಟು ಉಳಿದೆಲ್ಲವೂ ಅಲ್ಲಿದ್ದವು.

"ಓದಿ," ಎಂದು ಸಂಶೋಧಕಿಯ ಕೈಗಿತ್ತರು. "ಎಷ್ಟು ಶಾಖ, ಎಷ್ಟು ಹೊತ್ತು?"

ಅವಳು ಪುಟ ತಿರುವಿದಳು. ಇನ್ನೊಂದು ತಿರುವಿದಳು. ಆಮೇಲೆ ಬೇಗ ಬೇಗ ತಿರುವತೊಡಗಿದಳು.

"ಸಂಖ್ಯೆಗಳೇ ಇಲ್ಲ ಸರ್."

"ಮತ್ತೇನಿದೆ?"

"'ವಾಸನೆ ತಿರುಗಿತು, ಇಳಿಸಿದೆ.' ಪ್ರತಿದಿನವೂ ಇಷ್ಟೇ."

ಕೊನೆಯ ಹಾಳೆಯಲ್ಲಿ ಗಂಜಿಯಣ್ಣನದೇ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: "ಈ ಕೆಲಸ ಬೇರೆ ಯಾರಿಗೂ ಕಲಿಸಕೂಡದು." ಅದನ್ನು ಅವಳು ಗಟ್ಟಿಯಾಗಿ ಓದಲಿಲ್ಲ.

ನಿರ್ದೇಶಕರು ಅವಳ ಕಡೆ ತಿರುಗಿದರು.

"ನೀವು ಅವನ ಪಕ್ಕದಲ್ಲಿ ಎಷ್ಟು ದಿನ ನಿಂತಿದ್ರಿ?"

"ಒಂದು ವರ್ಷ ಸರ್."

"ವಾಸನೆ ಗೊತ್ತಾ?"

"ನಾನು ಮುಖವಾಡ ಹಾಕಿರ್ತಿದ್ದೆ."

"ಇವತ್ತು ಬೇಡ."

ಅವಳು ಹಾಳೆಗಳನ್ನು ಮಡಿಸಿದಳು. "ಬರೆದು ಕೊಡ್ತೀರಾ ಸರ್?"

ನಿರ್ದೇಶಕರು ಮೆಲ್ಲನೆ ನಕ್ಕರು. "ಅದೆಲ್ಲ ಯಾಕೆ? ನಾನು ಹೇಳ್ತಿದ್ದೀನಲ್ಲ."

ಸಂಜೆ ಐದಕ್ಕೆ ಪಾತ್ರೆ ಕುದಿಯತೊಡಗಿತು. ಸಂಶೋಧಕಿ ಬರಿಮುಖದಲ್ಲಿ ಅದರ ಮೇಲೆ ಬಾಗಿದಳು. ಕಣ್ಣು, ಮೂಗು ಒಟ್ಟಿಗೇ ಸುರಿಯುತ್ತಿದ್ದವು. ಗಾಜಿನ ಗೋಡೆಯಾಚೆ ನಿರ್ದೇಶಕರು ತಮ್ಮ ಮುಖವಾಡದ ಪಟ್ಟಿಯನ್ನು ಬಿಗಿಮಾಡಿಕೊಂಡು, ಇನ್ನೂ ಸ್ವಲ್ಪ ಬಗ್ಗುವಂತೆ ಕೈಸನ್ನೆ ಮಾಡಿದರು.