ಸುರಂಗದ ಈಚೆ ನಿಂತವನು

ನನಗೆ ಮೂಗಿನ ತುದಿಯಲ್ಲೇ ಕೋಪ. ಜಿಯಾಯಿ ಊರಿನಲ್ಲಿರುವ ನನ್ನ ಬೈಕ್ ರಿಪೇರಿ ಅಂಗಡಿಗೆ ಬರುವವರನ್ನು ಯಾರನ್ನಾದರೂ ಕೇಳಿ, ಹೇಳುತ್ತಾರೆ. "ತಿಯಾನ್‌ಫು ಅಣ್ಣ ಒಂದ್ಸಲ ಬೈದ್ರೆ ಸಾಕು, ಕೆಟ್ಟ ಬೈಕು ಹೆದರಿಕೊಂಡೇ ಸ್ಟಾರ್ಟ್ ಆಗುತ್ತೆ" ಎಂದು ಊರೆಲ್ಲ ಸಾರಿದವನು ಆಲಿಯಾಂಗ್. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಒಡಹುಟ್ಟಿದವನಿಗಿಂತ ಹೆಚ್ಚು. ಹೋದ ವರ್ಷ ಇಬ್ಬರೂ ರಜೆ ಹಾಕಿ ಜಪಾನಿನ ಶಿಕೋಕುವಿಗೆ ಹೋಗಿ, ಬಾಡಿಗೆಗೆ ದೊಡ್ಡ ಬೈಕು ಹಿಡಿದು ಬೆಟ್ಟ ಸುತ್ತಿದೆವು. ಹಿಂದಿರುಗಿದ್ದು ನಾನೊಬ್ಬನೇ. ಅವನ ಬೂದಿ ಬಂತು, ಅವನು ಬರಲಿಲ್ಲ.

ಹಾಗೆಂದವಳು ಅವನ ಹೆಂಡತಿ ಶುಯುನ್. ದಿನಾ ಬೆಳಿಗ್ಗೆ ಹಿರಿಯರ ಪೀಠದ ಮುಂದೆ ಊದಿನಕಡ್ಡಿ ಹಚ್ಚಿ, ಎರಡು ನಾಣ್ಯ ಹಾರಿಸಿ "ಬಂದ್ರಾ?" ಎಂದು ಕೇಳುತ್ತಿದ್ದಳು. ಒಂದು ನಾಣ್ಯ ಮುಖ, ಇನ್ನೊಂದು ಬೆನ್ನು ತೋರಿಸಿದರೆ ಹೌದು. ಎರಡೂ ಒಂದೇ ಬಗೆ ಬಿದ್ದರೆ ಇಲ್ಲ. ವರ್ಷವಿಡೀ ಇಲ್ಲ ಎಂದೇ ಬಿತ್ತು.

"ಪುರೋಹಿತರು ಇಲ್ಲಿ ಕೂತು ಗಂಟೆ ಬಾರಿಸಿದ್ರೆ ಅವರಿಗೆ ಎಲ್ಲಿ ಕೇಳಿಸ್ಬೇಕಣ್ಣ?" ಎಂದಳು ಅಂಗಡಿಗೆ ಬಂದು. "ಸಂತೆಗೆ ಕಳ್ಸಿದ್ರೇ ದಾರಿ ತಪ್ಪಿಸ್ಕೊಳ್ತಿದ್ದ ಮನುಷ್ಯ. ಸಮುದ್ರ ದಾಟಿ ಒಬ್ರೇ ಬರ್ತಾರಾ? ನಾನೇ ಹೋಗಿ ಕರ್ಕೊಂಡು ಬರ್ತೀನಿ. ಅದೇ ದಾರೀಲಿ, ಬೈಕಿನಲ್ಲೇ. ನೀವು ಮುಂದೆ ನಡೀರಿ."

"ಆ ಬೆಟ್ಟದ ದಾರಿ ಹುಡುಗಾಟ ಅಲ್ಲಮ್ಮ."

"ಇಪ್ಪತ್ತು ವರ್ಷದಿಂದ ಬೈಕಿನ ಮೇಲೆ ಟಪಾಲು ಹಂಚ್ತಿದ್ದೀನಿ. ನಿಮ್ಮ ಹಾಗೆ ಭಾನುವಾರದ ಸವಾರಿ ಅಲ್ಲ ನಂದು."

ಒಪ್ಪಿಕೊಂಡೆ. ಹೊರಗೆ ಸತ್ತವರನ್ನು ನಮ್ಮವರು ಹಾಗೆಯೇ ಬಿಡುವುದಿಲ್ಲ. ಸತ್ತ ಜಾಗಕ್ಕೆ ಹೋಗಿ ಹೆಸರು ಹಿಡಿದು ಕರೆಯಬೇಕು. ಬರುವಾಗ ಪ್ರತಿ ಸೇತುವೆ, ಪ್ರತಿ ಸುರಂಗದ ಬಾಯಲ್ಲೂ "ಸೇತುವೆ ಬಂತು, ಸುರಂಗ ಬಂತು, ಜೊತೆಗೇ ಬಾ" ಎಂದು ಗಟ್ಟಿಯಾಗಿ ಹೇಳಬೇಕು. ಮರೆತರೆ ಸತ್ತವರು ಈಚೆಯೇ ನಿಂತುಬಿಡುತ್ತಾರೆ. ನನ್ನ ಸಂಕಟ ಬೇರೆಯಾಗಿತ್ತು. ಅವನು ಯಾಕೆ ಬರುತ್ತಿಲ್ಲ ಎಂಬುದು ನನಗೆ ಗೊತ್ತಿತ್ತು.

ಆ ದಿನ ನನ್ನ ಹಿಂದೆ ಬರುತ್ತಿದ್ದ ಆಲಿಯಾಂಗ್ ಹತ್ತು ಕಡೆ ಬೈಕು ನಿಲ್ಲಿಸಿದ್ದ. ಫೋಟೋ ಅಂತೆ, ಡಬ್ಬಿ ಕಾಫಿ ಅಂತೆ. ಸುರಂಗಕ್ಕೆ ಮುಂಚಿನ ತಿರುವಿನಲ್ಲಿ ಹನ್ನೊಂದನೆಯ ಸಲ ನಿಲ್ಲಿಸಿದಾಗ ನನ್ನ ತಲೆ ಕೆಟ್ಟಿತು. ಮುಂದಾಳು ನಿಲ್ಲು ಎಂದರೆ, ಅವನೇ ಬಾ ಎನ್ನುವವರೆಗೆ ಹಿಂದಿನವನು ಕದಲಬಾರದು. ಅದು ನಮ್ಮ ಕ್ಲಬ್ಬಿನ ನಿಯಮ. ಹೆಲ್ಮೆಟ್ಟಿನ ಬ್ಲೂಟೂತಿನಲ್ಲಿ ಕಿರುಚಿದೆ: "ಅಷ್ಟು ಇಷ್ಟವಾದ್ರೆ ಅಲ್ಲೇ ನಿಂತಿರು. ನಾನು ಹೇಳೋವರೆಗೂ ಬರಬೇಡ." ಸುರಂಗದ ಒಳಹೊಗುವಷ್ಟರಲ್ಲಿ ಎರಡು ಸಲ ಅವನ ದನಿ ಕೇಳಿಸಿತು: "ಅಣ್ಣ, ಬರಲಾ?" ನಾನು ಉತ್ತರ ಕೊಡಲಿಲ್ಲ. ಆಚೆ ಬದಿಯ ಹೋಟೆಲಿನಲ್ಲಿ ಬಿಸಿ ಶಾವಿಗೆ ಸಾರು ಕುಡಿಯುತ್ತ ಕೂತೆ. ಬುದ್ಧಿ ಬರಲಿ ಅಂತ. ಅಷ್ಟರಲ್ಲಿ ಮಂಜು ಇಳಿದಿತ್ತು. ಮರದ ದಿಮ್ಮಿ ಹೇರಿದ ಲಾರಿಯವನಿಗೆ ರಸ್ತೆ ಬದಿಯಲ್ಲಿ ನಿಂತವನು ಕಾಣಲಿಲ್ಲ.

ಪೊಲೀಸರಿಗೂ ಶುಯುನ್‌ಗೂ "ಹಿಂದೆ ಉಳಿದುಬಿಟ್ಟ" ಎಂದಷ್ಟೇ ಹೇಳಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೆ?

ಈ ಸಲ ಮೂರನೆಯ ದಿನ ಮಧ್ಯಾಹ್ನ ಆ ತಿರುವು ಮುಟ್ಟಿದೆವು. ಮತ್ತೆ ಅದೇ ಮಂಜು. ರಸ್ತೆ, ತಡೆಗೋಡೆ, ಕೆಂಪು ಬಟ್ಟೆ ಕಟ್ಟಿದ ಪುಟ್ಟ ಕಲ್ಲುದೇವರು, ಎಲ್ಲವೂ ತೊಯ್ದು ತೊಟ್ಟಿಕ್ಕುತ್ತಿದ್ದವು. ತಡೆಗೋಡೆಯ ಪಕ್ಕ ಎರಡು ಕಡೆ ಮಾತ್ರ ನೆಲ ಒಣಗಿತ್ತು. ಬೂಟಿನಷ್ಟುದ್ದ, ಬೂಟಿನಷ್ಟಗಲ, ಜೋಡಿ ಪಾದದ ಹಾಗೆ. ಶುಯುನ್ ಅದನ್ನೇ ನೋಡುತ್ತ ಮಂಡಿಯೂರಿದಳು.

"ನಾನು ಬಂದಿದ್ದೀನಿ. ಏಳಿ, ಮನೆಗೆ ಹೋಗೋಣ. ಬರ್ತೀರಾ?"

ನಾಣ್ಯ ಹಾರಿಸಿದಳು. ಇಲ್ಲ. ಮತ್ತೆ ಹಾರಿಸಿದಳು. ಇಲ್ಲ. ಏಳನೆಯ ಸಲವೂ ಇಲ್ಲ.

"ನನ್ನ ಮೇಲೆ ಏನು ಮುನಿಸು ಇವರಿಗೆ? ನಾನೇನು ಮಾಡ್ದೆ ಅಣ್ಣ?"

ನಾನು ಹೆಲ್ಮೆಟ್ ತೆಗೆದಿರಲಿಲ್ಲ. ಮುಖ ಕಾಣದಿರಲಿ ಎಂದೇ ತೆಗೆದಿರಲಿಲ್ಲ. ಆಗ ಕಿವಿಯಲ್ಲಿ ಟುಣ್ ಎಂದಿತು. ಹೊಸದಾಗಿ ಒಬ್ಬರು ಬ್ಲೂಟೂತಿಗೆ ಸೇರಿಕೊಂಡಾಗ ಬರುವ ಸದ್ದು ಅದು. ಆ ಬೆಟ್ಟದಲ್ಲಿದ್ದವರು ನಾವಿಬ್ಬರೇ, ಇಬ್ಬರೂ ಬೆಳಿಗ್ಗೆಯೇ ಸೇರಿದ್ದವರು.

"ಅಣ್ಣ, ಬರಲಾ?"

ನೆಗಡಿ ಕಟ್ಟಿದ ಮೂಗಿನ ದನಿ. ಆ ದಿನ ಅವನಿಗೆ ನೆಗಡಿಯಾಗಿತ್ತು. ಶುಯುನ್ ಕಡೆ ನೋಡಿದೆ. ಅವಳ ತಲೆಯಲ್ಲೂ ಹೆಲ್ಮೆಟ್ ಇತ್ತು. ಅವಳು ನಿಧಾನವಾಗಿ ಎದ್ದು ನಿಂತಳು.

"ಅಣ್ಣ, ಬರಲಾ?"

"ಯಾಕೆ ನಿಮ್ಮನ್ನ ಕೇಳ್ತಿದ್ದಾರೆ?" ಎಂದಳು.

"ನಂಗೇನು ಗೊತ್ತು? ಅದು... ಗಾಳಿ..." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗತಿ ನನ್ನದು.

"ಅವತ್ತು ಏನಂದ್ರಿ ಅವರಿಗೆ? ತಿಯಾನ್‌ಫು ಅಣ್ಣ, ಸುಳ್ಳು ಹೇಳಿದ್ರೆ ನಿಮ್ಮನ್ನ ಈ ಗೋಡೆಯಿಂದಾಚೆ ತಳ್ತೀನಿ. ಏನಂದ್ರಿ?"

ಹೇಳಿದೆ. ಎಲ್ಲ ಹೇಳಿದೆ, ಶಾವಿಗೆ ಸಾರನ್ನೂ ಬಿಡದೆ. ಅಳು ತಡೆಯಲಾಗಲಿಲ್ಲ. ಅವಳು ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ನಾಣ್ಯಗಳನ್ನು ಜೇಬಿಗೆ ಹಾಕಿಕೊಂಡಳು.

"ಇನ್ನೂ ಕಾಯ್ತಿದ್ದಾರೆ. ಬಾ ಅನ್ನಿ."

"ಆಲಿಯಾಂಗ್," ಎಂದೆ. "ತಪ್ಪಾಯ್ತು ಕಣೋ. ಬಾ. ಮನೆಗೆ ಹೋಗೋಣ ಬಾರೋ."

ನಾನು ಬೈಕಿನ ಮೇಲೆ ಕೂತೇ ಇದ್ದೆ. ಹಿಂದಿನ ಸ್ಪ್ರಿಂಗು ಮೆಲ್ಲಗೆ ಕುಸಿಯಿತು. ಮೂವತ್ತು ವರ್ಷ ಬೈಕು ರಿಪೇರಿ ಮಾಡಿದವನು ನಾನು. ಹಿಂದೆ ಕೂತವರ ತೂಕ ನನಗೆ ಸೊಂಟದಲ್ಲೇ ಗೊತ್ತಾಗುತ್ತದೆ. ಎಪ್ಪತ್ತು ಕಿಲೋ, ಒಂದೆರಡು ಆಚೆ ಈಚೆ, ಅವನದೇ ತೂಕ. ನೆಲ ನೋಡಿದೆ. ಒಣಗಿದ್ದ ಎರಡು ಪಾದಗಳ ಮೇಲೂ ನೀರು ಹರಿಯುತ್ತಿತ್ತು.

"ಸುರಂಗ ಬಂತು ಆಲಿಯಾಂಗ್, ಜೊತೆಗೇ ಬಾ."

"ಬಂದೆ ಅಣ್ಣ."

ದಾರಿಯುದ್ದಕ್ಕೂ ಹೀಗೆಯೇ. ಶುಯುನ್ ಹಿಂದೆ ಬರುತ್ತಿದ್ದಳು, ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೆ ಮಾತ್ರ "ಚಳಿಯಾಗ್ತಿದೆಯೇನ್ರಿ?" ಎಂದಳು. ಅವಳಿಗೆ ಉತ್ತರ ಬರಲಿಲ್ಲ. ಅವನು ಮಾತಾಡುತ್ತಿದ್ದದ್ದು ನನ್ನೊಬ್ಬನ ಜೊತೆ, ಅದೂ ನಾನು ಕರೆದಾಗ ಮಾತ್ರ. ವಿಮಾನದಲ್ಲಿ "ಸಮುದ್ರ ದಾಟ್ತಿದ್ದೀವಿ ಕಣೋ" ಎಂದು ನಾನು ಗಟ್ಟಿಯಾಗಿ ಹೇಳಿದಾಗ ಪಕ್ಕದವರು ತಿರುಗಿ ನೋಡಿದರು.

ಜಿಯಾಯಿ ನಿಲ್ದಾಣದಿಂದ ಅವಳ ಮನೆಗೆ, ಅಲ್ಲೇ ಬಿಟ್ಟುಹೋಗಿದ್ದ ನನ್ನ ಬೈಕಿನಲ್ಲೇ ಹೋದೆ. ಹಿಂದಿನ ಸೀಟು ಖಾಲಿ, ಸ್ಪ್ರಿಂಗು ಕುಸಿದೇ ಇತ್ತು. ಶುಯುನ್ ತನ್ನ ಬೈಕಿನಲ್ಲಿ ಮೊದಲೇ ತಲುಪಿ ಬಾಗಿಲು ಪೂರ್ತಿ ತೆರೆದಿಟ್ಟಿದ್ದಳು.

"ಮನೆ ಬಂತು ಆಲಿಯಾಂಗ್. ಇಳಿಯಪ್ಪ. ಒಳಗೆ ಹೋಗು."

ಬೈಕು ಹಗುರಾಯಿತು. ಶುಯುನ್ ಹೊಸ್ತಿಲಲ್ಲಿ ಪಕ್ಕಕ್ಕೆ ಸರಿದು ಯಾರಿಗೋ ದಾರಿ ಬಿಟ್ಟಳು. ಆಮೇಲೆ ಅಲ್ಲೇ ನೆಲದ ಮೇಲೆ ನಾಣ್ಯ ಹಾರಿಸಿದಳು. ಒಂದು ಮುಖ, ಒಂದು ಬೆನ್ನು. ಅವಳು ಬರಿಗೈಯಲ್ಲೇ ಮುಖ ಒರೆಸಿಕೊಂಡಳು. ನನಗೂ ಕಣ್ಣು ತುಂಬಿ ಬಂತು. ಒಂದು ವರ್ಷದ ಹೊರೆ ಇಳಿಯಿತು, ಇನ್ನು ಅವನ ಪೀಠದ ಮುಂದೆ ಒಂದು ಊದಿನಕಡ್ಡಿ ಹಚ್ಚಿ ಕಾಲು ಹಿಡಿದುಕೊಂಡರೆ ಸಾಕು ಎಂದುಕೊಂಡು, ಬೂಟು ಬಿಚ್ಚಲು ಬಗ್ಗಿದೆ.

"ತಂಗಿ, ಬರಲಾ?"

ಕೇಳಿದ ಮೇಲೆ ನನ್ನ ದನಿ ನನಗೇ ಕೇಳಿಸಿತು. ಶುಯುನ್ ಬಾಗಿಲಿಗೆ ಕೈ ಹಾಕಿದಳು.

"ಅಲ್ಲೇ ನಿಂತಿರಿ ಅಣ್ಣ," ಎಂದಳು, ಮೆತ್ತಗೆ. "ನಾನು ಹೇಳೋವರೆಗೂ ಬರಬೇಡಿ."

ಬಾಗಿಲು ಹಾಕಿಕೊಂಡಳು. ಒಳಗೆ ಎರಡು ಬಟ್ಟಲು ಇಟ್ಟ ಸದ್ದು ಕೇಳಿಸಿತು. ಅವಳು ಏನೋ ಹೇಳಿದಳು, ನಡುವೆ ತಡೆದು ಕೇಳಿಸಿಕೊಂಡಳು, ನಕ್ಕಳು. ಹೋಗಿಬಿಡೋಣ ಅನ್ನಿಸಿತು. ಕಾಲು ಏಳಲಿಲ್ಲ.

ಸಂಜೆಯ ಹೊತ್ತಿಗೆ ಸಣ್ಣಗೆ ಜಿನುಗತೊಡಗಿತು. ಅಂಗಳ, ಬೈಕು, ನನ್ನ ಹೆಗಲು ಎಲ್ಲ ತೊಯ್ದವು. ತಲೆ ಬಗ್ಗಿಸಿ ನೋಡಿಕೊಂಡೆ. ನನ್ನ ಎರಡು ಬೂಟುಗಳ ಅಡಿಯಲ್ಲಿ ಮಾತ್ರ ನೆಲ ಒಣಗಿತ್ತು.

"ತಂಗಿ," ಎಂದು ಮತ್ತೊಮ್ಮೆ ಕರೆದೆ. "ಬರಲಾ?"